ಅರ್ಧಾ ಸಕ್ಕರಿ ಎಲ್ಲಿ ಹೋತು

ಹೋದ ತಿಂಗಳು ಲಂಡನ್ನಿನ ಕೆಂಟನ್‌ನಲ್ಲಿ, ಒಂದು ಬಾಡಿಗೆ ಹಾಲ್‌ನಲ್ಲಿ, ನಮ್ಮ ಪಕ್ಕದ ಮನೆಯ ಡಾಕ್ಟರ ನೆನಪಿನ ಸಭೆ ನಡೆಯಿತು. ಮಡಚುವ ಕುರ್ಚಿಗಳು, ಮೇಜಿನ ಮೇಲೆ ಹಾರ ಹಾಕಿದ ಫೋಟೊ, ಹಿಂದಿನ ಸಾಲಿನಲ್ಲಿ ಕೋಟು ಬಿಚ್ಚದೆ ಕೂತ ಮೊಮ್ಮಕ್ಕಳು. ಬಂದವರಲ್ಲಿ ಡಾಕ್ಟರುಗಳೇ ಹೆಚ್ಚು. ಒಬ್ಬೊಬ್ಬರೂ ಎದ್ದು ಎರಡು ಒಳ್ಳೆಯ ಮಾತು ಆಡಿದರು. ಇಷ್ಟು ವರ್ಷ ಅರಿವಳಿಕೆ ಕೊಟ್ಟ ಕೈ, ಎಷ್ಟು ಹಗುರ ಅಂದರು. ಯಾರು ಯಾವ ಹೊತ್ತಿಗೆ ಫೋನು ಮಾಡಿದರೂ ಎತ್ತುತ್ತಿದ್ದರು ಅಂದರು. ಬಿಯರಿನ ಸುದ್ದಿಯನ್ನು ಮಾತ್ರ ಯಾರೂ ಎತ್ತಲಿಲ್ಲ. ಕೆಲವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರಿಗೆ ಅದು ಹಾರ ಹಾಕಿದ ಫೋಟೊದ ಮುಂದೆ ಆಡುವ ಮಾತಲ್ಲ ಅನ್ನಿಸಿರಬೇಕು.

ನಾನೂ ಅಲ್ಲಿ ಸುಮ್ಮನಿದ್ದೆ. ಮನೆಗೆ ಬಂದ ಮೇಲೆ ಸುಮ್ಮನಿರಲಾಗಲಿಲ್ಲ.

ನಮ್ಮದು ಜೋಡಿ ಮನೆ. ಒಂದು ಗೋಡೆ ಅವರಿಗೂ ನಮಗೂ ಸೇರಿದ್ದು. ಮೈಸೂರಿನಿಂದ ಬಂದು ಆ ಮನೆ ಕೊಂಡ ಮೊದಲ ವಾರವೇ ಗೋಡೆಯಾಚೆ ಯಾರೋ ಶತಪಥ ಹಾಕುವ ಸದ್ದು ಕೇಳಿ, ಪಕ್ಕದ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂದುಕೊಂಡಿದ್ದೆ. ಹುಷಾರಿಲ್ಲದವರು ಯಾರೂ ಇರಲಿಲ್ಲ. ಅದು ಅವರು ಫೋನಿನಲ್ಲಿ ಮಾತಾಡುವ ರೀತಿ. ಚಹಾವನ್ನು ಸಿಂಕಿನ ಪಕ್ಕ ನಿಂತೇ ಕುಡಿಯುತ್ತಿದ್ದರು. ನಮ್ಮ ಕನ್ನಡದವರ ಕಾರ್ಯಕ್ರಮಗಳಲ್ಲಿ ವಂದನಾರ್ಪಣೆ ಮುಗಿಯುವ ಮೊದಲೇ ಹಿಂದೆ ಹೋಗಿ ಕುರ್ಚಿ ಪೇರಿಸಲು ಶುರುಮಾಡುತ್ತಿದ್ದರು. ಕಾರಿನಲ್ಲಿ ಪಕ್ಕಕ್ಕೆ ಕೂತರೆ ಓಡಿಸುವವರಿಗಿಂತ ಮೊದಲು ಇವರ ಕಾಲು ಬ್ರೇಕು ಒತ್ತುತ್ತಿತ್ತು. “ಇವ್ರ ಕಾಲಿಗೆ ಚಕ್ರ ಕಟ್ಟಿ ಕಳಿಸ್ಯಾರ” ಎಂದು ಅವರ ಹೆಂಡತಿ ಹೇಳುವರು. ಅವರನ್ನು ನಾನು ಅತ್ತಿಗೆ ಅನ್ನಲು ಹೋದಾಗ, ಧಾರವಾಡದ ಕಡೆ ವೈನಿ ಅನ್ನಬೇಕು ಎಂದು ಅವರೇ ತಿದ್ದಿದ್ದರು.

ಆದರೆ ಆಪರೇಷನ್ ಥಿಯೇಟರಿನಲ್ಲಿ ರೋಗಿಯ ತಲೆಯ ಬಳಿ ಕೂತರೆ ಈ ಮನುಷ್ಯ ಅಲ್ಲಾಡುತ್ತಿರಲಿಲ್ಲವಂತೆ. ಅವರ ಜೊತೆ ಕೆಲಸ ಮಾಡಿದ ನರ್ಸೊಬ್ಬರು ನನಗೆ ಹೇಳಿದ್ದು. ಇನ್ನೊಂದು ಸಂಗತಿಯನ್ನೂ ಅವರೇ ಹೇಳಿದರು. ಔಷಧಿ ಕೊಡುವ ಮೊದಲು ಇವರು ಪ್ರತಿ ರೋಗಿಯನ್ನೂ ಮಾತಿಗೆಳೆಯುತ್ತಿದ್ದರು. ರಜೆಯ ದಿನ ಏನು ಮಾಡುತ್ತೀರಿ, ಮನೆಯಲ್ಲಿ ಅಡುಗೆ ಯಾರದು, ಇಂಥದ್ದೇ ಏನೋ ಒಂದು. ರೋಗಿ ಹೇಳಲು ಶುರುಮಾಡಿ, ಕಥೆ ಅರ್ಧಕ್ಕೆ ಬರುವ ಹೊತ್ತಿಗೆ ನಿದ್ದೆಗೆ ಜಾರಬೇಕು. ಸಂಜೆ ಇವರು ವಾರ್ಡಿಗೆ ಹೋಗಿ, ಹಾಂ, ಆಮೇಲೆ ಏನಾಯಿತು ಎಂದು ಕೇಳುವರು. ಅರ್ಧಕ್ಕೆ ನಿಂತ ಮಾತಿದ್ದರೆ ಮನುಷ್ಯ ಏಳಲೇಬೇಕಾಗುತ್ತದೆ ಅನ್ನುವುದು ಅವರ ಸಿದ್ಧಾಂತ. ತಮಾಷೆಗೆ ಹೇಳುತ್ತಿದ್ದರೋ ನಿಜವಾಗಿ ನಂಬಿದ್ದರೋ ನನಗೆ ತಿಳಿಯದು.

ಒಂದು ವಸಂತದಲ್ಲಿ, ವಾರದ ಮಧ್ಯದ ದಿನ, ಬೆಳಗ್ಗೆ ಹತ್ತರ ಹೊತ್ತಿಗೆ ಅವರು ಹಿತ್ತಿಲಲ್ಲಿ ಹುಲ್ಲು ಕತ್ತರಿಸುತ್ತಿದ್ದರು. ಮರುದಿನವೂ. ಮೂರನೆಯ ದಿನ ಕತ್ತರಿಸಲು ಹುಲ್ಲೇ ಉಳಿದಿರಲಿಲ್ಲ. ನಮ್ಮಿಬ್ಬರ ಮನೆಯ ನಡುವಿನ ಬೇಲಿಯ ಹಲಗೆಗಳನ್ನು ಬಿಚ್ಚಿ ಮತ್ತೆ ಜೋಡಿಸುತ್ತಿದ್ದರು. ವೈನಿ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿ ವಿಷಯ ತಿಳಿಸಿದರು. ಹರ್ನಿಯಾ ಆಪರೇಷನ್ನಿಗೆ ಬಂದ ಒಬ್ಬರು, ಇವರು ಅರಿವಳಿಕೆ ಕೊಟ್ಟ ಮೇಲೆ ತೀರಿಕೊಂಡಿದ್ದರು. ಔಷಧಿ ಮೈಗೆ ಒಗ್ಗದೆ ರಕ್ತದೊತ್ತಡ ಕುಸಿದಿತ್ತು. ತನಿಖೆ ಮುಗಿಯುವವರೆಗೆ ಇವರು ಆಸ್ಪತ್ರೆಗೆ ಕಾಲಿಡಬಾರದು, ಸಹೋದ್ಯೋಗಿಗಳ ಜೊತೆ ಆ ವಿಷಯ ಮಾತಾಡಬಾರದು. ತನಿಖೆ ಯಾವಾಗ ಮುಗಿಯುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಬೇಸಿಗೆ ಕಳೆಯುವ ಹೊತ್ತಿಗೆ ಅವರ ಗ್ಯಾರೇಜಿನಿಂದ ಗೋಧಿ ಹುಗ್ಗಿ ಕುದಿಯುವಂಥ ವಾಸನೆ ಬರತೊಡಗಿತು. ಹಬ್ಬ ಯಾವುದೂ ಇರಲಿಲ್ಲ. ಇಣುಕಿ ನೋಡಿದರೆ ದೊಡ್ಡ ಸ್ಟೀಲ್ ಪಾತ್ರೆ, ಅದಕ್ಕೆ ತಳದಲ್ಲೊಂದು ನಲ್ಲಿ, ಸುತ್ತ ಹಳೆಯ ರಜಾಯಿ ಸುತ್ತಿದೆ. ಅವರು ಮುಚ್ಚಳ ತೆಗೆದು, ಥರ್ಮಾಮೀಟರ್ ಅದ್ದಿ, ಮುಚ್ಚಳ ಹಾಕಿ, ಎರಡು ಹೆಜ್ಜೆ ನಡೆದು, ಮತ್ತೆ ಮುಚ್ಚಳ ತೆಗೆದರು. ಏನು ಸಾರ್ ಇದು ಅಂದೆ. ಬಿಯರ್ ಅಂದರು. ಜನ್ಮದಲ್ಲಿ ಒಂದು ಹನಿ ಕುಡಿದವರಲ್ಲ. ನಾನು ಅವರ ಮುಖವನ್ನೇ ನೋಡಿದೆ. ಅವರು ಅದಕ್ಕೆಲ್ಲ ವಿವರಣೆ ಕೊಡುವ ಗೋಜಿಗೆ ಹೋಗದೆ ನೇರ ತಮ್ಮ ಸಂಕಟಕ್ಕೆ ಬಂದರು.

“ನೋಡು ತಂಗಿ, ಐದು ಕಿಲೋ ಬಾರ್ಲಿ ಹಾಕೇನಿ. ಇದರಾಗ ಎಷ್ಟು ಸಕ್ಕರಿ ಹುಟ್ಟಬೇಕಂತ ಲೆಕ್ಕ ಅದ. ನನಗ ಸಿಕ್ಕದ್ದು ಅರ್ಧಾ. ಉಳಿದ ಅರ್ಧಾ ಸಕ್ಕರಿ ಎಲ್ಲಿ ಹೋತು?”

ಆ ದಿನದಿಂದ ಅದೇ ಪ್ರಶ್ನೆ. ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಬೀಸುವ ಹಾಗೆ ಬಾರ್ಲಿಯನ್ನೂ ಮೊಳಕೆ ಕಟ್ಟಿ, ಒಣಗಿಸಿ, ಒಡೆದಿರುತ್ತಾರೆ. ಅದನ್ನು ಬಿಸಿನೀರಿನಲ್ಲಿ ನೆನೆಸಿಟ್ಟರೆ ಕಾಳಿನೊಳಗಿನ ಪಿಷ್ಟವೆಲ್ಲ ಸಕ್ಕರೆಯಾಗುತ್ತದೆ. ನೀರು ಹೆಚ್ಚು ಬಿಸಿಯಾದರೆ ಕೆಲಸ ಕೆಡುತ್ತದೆ, ಆರಿದರೂ ಕೆಡುತ್ತದೆ. ಆ ಸಿಹಿನೀರನ್ನು ಬಸಿದು, ಕಾಳಿನಲ್ಲಿ ಉಳಿದ ಸಿಹಿಯನ್ನು ಇನ್ನಷ್ಟು ಬಿಸಿನೀರಿನಿಂದ ತೊಳೆದು ತೆಗೆಯಬೇಕು. ಬಿಯರಿನ ಮೊದಲ ಹಂತ ಇಷ್ಟೇ. ಇದನ್ನು ಮ್ಯಾಶ್ ಅನ್ನುತ್ತಾರೆ. ಆಮೇಲಿನ ಹಂತಗಳಲ್ಲಿ ಅವರಿಗೆ ಆಸಕ್ತಿಯೇ ಇರಲಿಲ್ಲ. ಕುದಿಸುವುದು, ಈಸ್ಟ್ ಹಾಕುವುದು, ಬಾಟಲಿ ತುಂಬುವುದು, ಇವನ್ನೆಲ್ಲ ಪಾತ್ರೆ ತೊಳೆಯುವ ಹಾಗೆ ಮಾಡಿ ಮುಗಿಸುವರು. ಕಾಳಿನಲ್ಲಿದ್ದದ್ದು ಪೂರ್ತಿ ನೀರಿಗೆ ಬರಬೇಕು, ಅಷ್ಟೇ ಅವರ ಹಟ.

ನಾನು ಫಾರ್ಮಸಿಸ್ಟ್. ಅದಕ್ಕೇ ನನ್ನನ್ನು ಎಳೆದುಕೊಂಡರು. ನಮ್ಮ ಕಡೆಯ ಕೊಳಾಯಿ ನೀರು ಎಂಥದ್ದೆಂದು ಕೆಟಲಿನ ತಳ ನೋಡಿದ ಯಾರಿಗಾದರೂ ಗೊತ್ತು. ಬೆಳ್ಳಗೆ ಸುಣ್ಣ ಕಟ್ಟುತ್ತದೆ. ಆ ನೀರು ಕಾಳಿನ ಹುಳಿಯನ್ನು ಹೊಡೆದುಹಾಕುತ್ತದೆ ಸಾರ್, ಹುಳಿ ಇಲ್ಲದೆ ಪಿಷ್ಟ ಪೂರ್ತಿ ಸಕ್ಕರೆಯಾಗದು, ಒಂಚೂರು ಆಸಿಡ್ ಹಾಕಿ ನೋಡಿ ಅಂದೆ. ಹಾಕಿದರು. ಮುಂದಿನ ಸಲ ಸಕ್ಕರೆ ಏರಿತು. ಸಕ್ಕರೆ ಹೆಚ್ಚಿದಷ್ಟೂ ಮೇಲೆ ತೇಲುವ ಗಾಜಿನ ನಳಿಗೆಯೊಂದನ್ನು ಸಿಹಿನೀರಿನಲ್ಲಿ ಬಿಟ್ಟು, ಅದು ಎಷ್ಟು ಎತ್ತರಕ್ಕೆ ನಿಲ್ಲುತ್ತದೆಂದು ಅವರು ಮಂಡಿಯೂರಿ ನೋಡುತ್ತಿದ್ದರು. ಏರಿದ್ದು ಕಂಡಾಗ ಅವರ ಮುಖ ಅರಳಿದ್ದು ಒಂದು ಕ್ಷಣ ಮಾತ್ರ. ಎದ್ದು, ಇನ್ನೂ ಎಲ್ಲೋ ಸೋರ್ತದ ಅಂದರು.

ಸೋರುತ್ತಿದ್ದದ್ದು ಅವರ ಅವಸರದಲ್ಲಿ. ನಲ್ಲಿಯನ್ನು ಪೂರ್ತಿ ತಿರುಗಿಸಿಬಿಡುವರು. ನೀರು ಕಾಳಿನ ನಡುವೆ ಒಂದೇ ದಾರಿ ಕೊರೆದುಕೊಂಡು ದಡದಡ ಇಳಿದರೆ ಸುತ್ತಲಿನ ಸಿಹಿ ಅಲ್ಲಿಯೇ ಉಳಿಯುತ್ತದೆ. ದಾರದ ಹಾಗೆ ಸಣ್ಣಗೆ ಇಳಿಯಬೇಕು, ಒಂದು ತಾಸಾದರೂ ಹಿಡಿಯಬೇಕು. ಅದು ಅವರಿಂದಾಗುವ ಕೆಲಸವೇ? ಕಡೆಗೆ ವೈನಿ ನಲ್ಲಿಯ ಮುಂದೆ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಸಣ್ಣಗೆ ತಿರುಗಿಸಿ, ಕೈ ಅಲ್ಲಿಯೇ ಇಟ್ಟುಕೊಂಡು ಕಾವಲು. ಇವರು ಹಿತ್ತಿಲ ತುದಿಯವರೆಗೆ ನಡೆದು ಬಂದು, ಎಷ್ಟಾತು ಎಂದು ಕೇಳಿ, ಮತ್ತೆ ನಡೆಯುವರು.

“ತಾವು ಕುಡಿಯಂಗಿಲ್ಲ, ಮಂದೀಗೆ ಕೊಡ್ಲಿಕ್ಕೆ ನಾಚಿಕಿ. ಮತ್ತ ಯಾಕ ಈ ಉಸಾಬರಿ?” ಎಂದು ವೈನಿ ನನ್ನ ಹತ್ತಿರ ಗೊಣಗುತ್ತಿದ್ದರು. ಆದರೂ ಬಸಿದು ಉಳಿದ ಕಾಳನ್ನು ಎಸೆಯಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಸೇರಿಸಿ ಥಾಲಿಪೆಟ್ಟು ತಟ್ಟಿ ನಮಗೂ ಕೊಡುತ್ತಿದ್ದರು. ಚೆನ್ನಾಗಿರುತ್ತಿತ್ತು. ಬಾಟಲಿಗಳೆಲ್ಲ ನನ್ನ ಗಂಡನ ಪಾಲು. ಒಂದು ಸಲ ಕೊನೆಯ ಹನಿ ಸಿಹಿಯನ್ನೂ ಬಿಡಬಾರದೆಂದು ಕಾಳನ್ನು ತೊಳೆದೂ ತೊಳೆದೂ ನೀರು ತೆಗೆದಿದ್ದರು. ಅಂಕಿ ಹಿಂದೆಂದೂ ಇಲ್ಲದಷ್ಟು ಮೇಲೇರಿತ್ತು. ನನ್ನ ಗಂಡ ಒಂದು ಗುಟುಕು ಕುಡಿದು, ಸಾರ್ ಇದು ಹಳೇ ಚಹಾಪುಡಿ ಮತ್ತೆ ಕುದಿಸಿದ ಹಾಗಿದೆ, ಬರೀ ಒಗರು ಅಂದರು. ಕಾಳಿನ ಸಿಪ್ಪೆಯ ಒಗರೆಲ್ಲ ಇಳಿದಿತ್ತು. ಅವರು ಆ ಬಾಟಲಿಗಳನ್ನು ಒಂದೊಂದಾಗಿ ಚರಂಡಿಗೆ ಸುರಿದರು. ಕಟ್ಟಕಡೆಯದಕ್ಕೆ ಆಸೆ ಪಡಬಾರದು ಎಂಬ ಪಾಠ ಅವರಿಗೆ ಸಿಟ್ಟು ತರಿಸಿತ್ತು.

ಯಾಕೆ ಇದೆಲ್ಲ ಎಂಬುದನ್ನು ಅವರು ನನಗೆ ಹೇಳಿದ್ದು ಅಂಥದ್ದೇ ಒಂದು ಮಧ್ಯಾಹ್ನ. ವೈನಿ ಎಜ್‌ವೇರಿನ ಮಗಳ ಮನೆಗೆ ಹೋಗಿದ್ದರು, ನಲ್ಲಿಯ ಕಾವಲು ನನ್ನದಾಗಿತ್ತು. ಅವರು ಗ್ಯಾರೇಜಿನ ಬಾಗಿಲಲ್ಲಿ ನಿಂತು, ನನ್ನ ಕಡೆ ನೋಡದೆ, ಕೇಳದೆಯೇ ಹೇಳಿದರು.

“ಆ ಮನಷ್ಯಾ ಮನ್ಯಾಗ ಬಿಯರ್ ಮಾಡ್ತಿದ್ದ. ಬಸ್ ಓಡಿಸಿ ರಿಟೈರ್ ಆದಾಂವ. ರಜಾ ದಿನ ಏನ್ ಮಾಡ್ತೀರಿ ಅಂತ ಕೇಳಿದೆ. ಎಷ್ಟು ಬಡಕೊಂಡ್ರೂ ನೂರಕ್ಕ ಅರವತ್ತರ ಮ್ಯಾಲೆ ಸಕ್ಕರಿ ಬರವಲ್ದು ಡಾಕ್ಟರ್, ನಾ ಏನೇನ್ ಮಾಡಿ ನೋಡೇನಿ ಅಂದ್ರ… ಅಂದ. ಅಷ್ಟರಾಗ ಔಷಧ ಹತ್ತಿತು. ಎದ್ದ ಮ್ಯಾಲೆ ಉಳಿದದ್ದು ಹೇಳ್ರಿ ಅಂದೆ.”

ಬಾಗಿಲಿಂದ ಎರಡು ಹೆಜ್ಜೆ ಆಚೆ ನಡೆದು, ಮತ್ತೆ ಬಂದು ನಿಂತರು.

“ಏಳಲಿಲ್ಲ. ಏನೇನ್ ಮಾಡಿ ನೋಡ್ಯಾನೋ ನನಗ ಗೊತ್ತಾಗಲಿಲ್ಲ. ಅದಕ್ಕ ಎಲ್ಲಾ ನಾನ ಮಾಡಿ ನೋಡ್ಲಿಕ್ಕತ್ತೇನಿ.”

ಒಳಗೆ ಬಂದು ಮುಚ್ಚಳ ತೆಗೆದು ನೋಡಿ, ನಲ್ಲಿ ಇನ್ನೊಂಚೂರು ಸಣ್ಣ ಮಾಡು ಅಂದರು.

ಒಂದು ಚಳಿಗಾಲ ಹೋಯಿತು, ಇನ್ನೊಂದು ಬಂತು. ಅನಿರೀಕ್ಷಿತ ಸಾವಿನ ಕಾರಣ ವಿಚಾರಿಸುವ ಕಾರೊನರ್ ಕೋರ್ಟಿನ ದಿನ ಗೊತ್ತಾದಾಗ ಅವರು ಹೆಂಡತಿಯನ್ನು ಬರಬೇಡ ಅಂದರು. ವೈನಿ ನನ್ನನ್ನು ಕಳಿಸಿದರು. ಹೊರಗಿನ ಮೊಗಸಾಲೆಯಲ್ಲಿ ಅವರ ವಕೀಲ ಹೇಳುತ್ತಿದ್ದದ್ದು ನನಗೂ ಕೇಳಿಸಿತು: ಕೇಳಿದ್ದಕ್ಕಷ್ಟೇ ಉತ್ತರ ಕೊಡಿ, ನೀವಾಗಿ ಏನೂ ಸೇರಿಸಬೇಡಿ. ಇವರು ತಲೆಯಾಡಿಸಿದರು. ಒಳಗೆ ಹೋದ ಮೇಲೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು, ಇನ್ನು ನೀವು ಕೂರಬಹುದು ಅಂದಾಗ ಕೂರದೆ, ತಾವಾಗಿಯೇ ಸೇರಿಸಿದರು: ರಕ್ತದೊತ್ತಡ ಇಳಿದಾಗ ಇದು ಔಷಧಿ ಕೊಟ್ಟ ಮೇಲೆ ಮಾಮೂಲಾಗಿ ಆಗುವ ಇಳಿತ ಎಂದೇ ಮೊದಲು ತಿಳಿದುಕೊಂಡೆ. ಬೇರೆ ಏನೋ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಬೇಗ ಹೊಳೆದಿದ್ದರೆ ಅವರು ಉಳಿಯುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಹೇಳಲಾರೆ ಅಂದರು. ವಕೀಲ ಕಣ್ಣು ಮುಚ್ಚಿಕೊಂಡ. ಆಮೇಲೆ ಮಾತಾಡಿದ ಹೊರಗಿನ ತಜ್ಞರೊಬ್ಬರು, ಆ ಜಾಗದಲ್ಲಿ ಯಾರಿದ್ದರೂ ಮೊದಲು ಹಾಗೆಯೇ ತಿಳಿಯುತ್ತಿದ್ದರು, ಅಲ್ಲಿಂದ ಮುಂದೆ ಮಾಡಿದ್ದೆಲ್ಲ ಸರಿಯಾಗಿಯೇ ಇದೆ ಅಂದರು.

ಸತ್ತವರ ಮನೆಯವರು ಅಲ್ಲಿ ಪ್ರಶ್ನೆ ಕೇಳಬಹುದು. ಆತನ ಹೆಂಡತಿ, ಬೂದು ಕೋಟಿನ ತೆಳ್ಳನೆಯ ಇಂಗ್ಲಿಷ್ ಹೆಂಗಸು, ಅಷ್ಟು ಹೊತ್ತೂ ಬಾಯಿ ಬಿಟ್ಟಿರಲಿಲ್ಲ. ಕೊನೆಗೆ ಎದ್ದು, ನನಗೆ ಒಂದೇ ಕೇಳಬೇಕು ಅಂದಳು. ಕೊನೆಯಲ್ಲಿ ಅವನು ಹೆದರಿದ್ದನೇ?

“ಇಲ್ಲ” ಅಂದರು ಇವರು. “ಸಿಟ್ಟಿನಲ್ಲಿದ್ದರು. ಬಾರ್ಲಿಯ ಮೇಲೆ. ಅದರಲ್ಲಿರುವ ಸಕ್ಕರೆ ಅರವತ್ತರ ಮೇಲೆ ಬರುವುದೇ ಇಲ್ಲ ಎಂದು ನನಗೆ ದೂರು ಹೇಳುತ್ತಿದ್ದರು.”

ಆಕೆ ನಕ್ಕುಬಿಟ್ಟಳು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕು, ಹಾಗೆಯೇ ಅಳತೊಡಗಿದಳು. ಕೋರ್ಟಿನಲ್ಲಿ ಯಾರಿಗೂ ಎತ್ತ ನೋಡಬೇಕೆಂದು ತಿಳಿಯಲಿಲ್ಲ.

ಯಾರ ತಪ್ಪೂ ಇಲ್ಲ ಎಂದು ತೀರ್ಮಾನವಾಯಿತು. ಹೊರಗೆ ಬರುವಾಗ ಆಕೆ ಬಾಗಿಲ ಬಳಿ ಕಾದಿದ್ದಳು. ಅರವತ್ತು ಅಂದನೇ, ನಿಜವಾಗಿ, ಎಂದು ಇನ್ನೊಮ್ಮೆ ಕೇಳಿದಳು. ಇವರು ಹೌದೆಂದರು. ನನಗೆ ಎಪ್ಪತ್ತು ಅಂತ ಹೇಳಿದ್ದ ಅಂದಳು. ಆಮೇಲೆ, ಅವನ ಸಾಮಾನೆಲ್ಲ ಹಾಗೆಯೇ ಇದೆ, ನಿಮಗೆ ಅದರ ಬಗ್ಗೆ ತಿಳಿಯುವುದಾದರೆ ಒಮ್ಮೆ ಬಂದು ನೋಡಿ ಎಂದು ಗ್ರೀನ್‌ಫರ್ಡಿನ ವಿಳಾಸ ಹೇಳಿದಳು.

ಅವರು ಕೆಲಸಕ್ಕೆ ವಾಪಸಾದರು. ನಿವೃತ್ತಿಯವರೆಗೂ ಮಾಡಿದರು. ಈಗ ರೋಗಿಗಳನ್ನು ಏನೂ ಕೇಳುವುದಿಲ್ಲ, ತಾವೇ ಹವಾಮಾನದ ಬಗ್ಗೆ ಏನೋ ಹೇಳುತ್ತಾರೆ ಎಂದು ಆ ನರ್ಸು ನನಗೆ ಹೇಳಿದರು. ಬೆಳಗಿನ ಸದ್ದು ಗೋಡೆಯಾಚೆ ಮತ್ತೆ ಶುರುವಾಯಿತು: ಬೇಗ ಏಳುವುದು, ನಡೆಯುವುದು, ಕಾರಿನ ಬಾಗಿಲು. ಗ್ಯಾರೇಜು ಮುಚ್ಚಿಯೇ ಇತ್ತು. ಗ್ರೀನ್‌ಫರ್ಡಿಗೆ ಹೋಗುವ ಮಾತು ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಈ ಭಾನುವಾರ ಅನ್ನುವರು, ಭಾನುವಾರ ಬೆಳಗ್ಗೆ ಬೇಲಿಗೆ ಬಣ್ಣ ಬಳಿಯುವುದಿದೆ ಅನ್ನುವರು. ಕೊನೆಗೆ ವೈನಿಯೇ ಒಂದು ಡಬ್ಬಿ ಚಕ್ಕುಲಿ ಕೈಗಿಟ್ಟು, ಬರಿಗೈಲೆ ಹೋಗಬ್ಯಾಡ್ರಿ ಎಂದು ಹೊರಡಿಸಿದರು. ಕಾರು ನಾನು ಓಡಿಸಿದೆ.

ಆಕೆಯ ಹಿತ್ತಿಲ ಕೊನೆಯಲ್ಲಿ ಮರದ ಶೆಡ್ಡು. ಆಕೆ ಬೀಗ ತೆಗೆದು, ನಾನು ಚಹಾ ಮಾಡುತ್ತೇನೆ ಎಂದು ಮನೆಯೊಳಗೆ ಹೋದಳು. ಪಾತ್ರೆಗಳೆಲ್ಲ ಬೋರಲಾಗಿದ್ದವು. ಇವರು ಒಂದೊಂದನ್ನೂ ಎತ್ತಿ, ನಲ್ಲಿ ತಿರುಗಿಸಿ, ಒಳಗಿನ ಜಾಲರಿಗೆ ಬೆರಳು ಆಡಿಸಿ ನೋಡಿದರು. ಎಲ್ಲ ಸರಿಯಿತ್ತು, ಇವರ ಗ್ಯಾರೇಜಿನದಕ್ಕಿಂತ ಅಚ್ಚುಕಟ್ಟಾಗಿತ್ತು. ಹಲಗೆಯ ತುದಿಗೆ ಬಾರ್ಲಿ ಒಡೆಯುವ ಒಂದು ಕೈಗಿರಣಿ ಬಿಗಿದಿತ್ತು. ಇವರು ಅಂಗಡಿಯಲ್ಲಿ ಒಡೆಸಿದ್ದನ್ನೇ ತರುತ್ತಿದ್ದರು. ಆತ ತಾನೇ ಒಡೆದುಕೊಳ್ಳುತ್ತಿದ್ದ. ಡಬ್ಬಿಯಲ್ಲಿ ಇನ್ನೂ ಕಾಳಿತ್ತು. ಇವರು ಒಂದು ಹಿಡಿ ಸುರಿದು ಹಿಡಿಕೆ ತಿರುಗಿಸಿ, ಕೆಳಗೆ ಬಿದ್ದದ್ದನ್ನು ಅಂಗೈಯಲ್ಲಿ ಹಿಡಿದು ನನ್ನ ಕಡೆ ಚಾಚಿದರು.

ಅರ್ಧದಷ್ಟು ಕಾಳು ಇಡಿಯಾಗಿಯೇ ಇತ್ತು. ಗಿರಣಿಯ ಎರಡು ಉರುಳೆಗಳ ನಡುವೆ ಸಂದು ಜಾಸ್ತಿಯಾಗಿ, ಕಾಳು ಒಡೆಯದೆ ಜಾರಿ ಬರುತ್ತಿತ್ತು. ಒಡೆಯದ ಕಾಳನ್ನು ಯಾವ ನೀರಿನಲ್ಲಿ ಎಷ್ಟು ಹೊತ್ತು ನೆನೆಸಿದರೇನು, ಒಳಗಿನದು ಒಳಗೇ. ಸಂದು ಕಿರಿದು ಮಾಡಲು ಪಕ್ಕದಲ್ಲೊಂದು ತಿರುಪು ಇತ್ತು. ಅದರ ಮೇಲೆ ಕಾರ್ಖಾನೆಯಲ್ಲಿ ಬಳಿದ ಬಣ್ಣ ಬಿರುಕು ಕೂಡ ಬಿಡದೆ ಹಾಗೆಯೇ ಇತ್ತು. ಆ ತಿರುಪನ್ನು ಯಾರೂ ಎಂದೂ ಮುಟ್ಟಿರಲಿಲ್ಲ.

ಇವರು ಅದನ್ನು ಒಂದಿಷ್ಟು ತಿರುಗಿಸಿ, ಇನ್ನೊಂದು ಹಿಡಿ ಕಾಳು ಹಾಕಿದರು. ಚೆನ್ನಾಗಿ ಒಡೆದು ಬಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ತಿರುಪನ್ನು ಹಿಂದಕ್ಕೆ ತಿರುಗಿಸುತ್ತ, ಈಗಷ್ಟೇ ಬಿರಿದ ಬಣ್ಣದ ಗೆರೆ ಗೆರೆಗೆ ಕೂಡುವವರೆಗೆ, ಮೊದಲಿನ ಜಾಗಕ್ಕೇ ತಂದು ನಿಲ್ಲಿಸಿದರು. ಒಡೆದ ಕಾಳನ್ನು ಗುಡಿಸಿ ತಮ್ಮ ಕೋಟಿನ ಜೇಬಿಗೆ ಹಾಕಿಕೊಂಡರು.

ಆಕೆ ಚಹಾದ ತಟ್ಟೆ ಹಿಡಿದು ಬಂದಳು. ವರ್ಷಗಟ್ಟಲೆ ಒದ್ದಾಡಿದ, ಪುಸ್ತಕ ತರಿಸಿದ, ಯಾರ್ಯಾರನ್ನೋ ಕೇಳಿದ, ರಜೆಗೆ ಹೋದರೂ ಅದೇ ಧ್ಯಾನ ಎಂದು ಹೇಳಿದಳು. ಏನಾದರೂ ಗೊತ್ತಾಯಿತೇ, ಅವನು ಎಲ್ಲಿ ತಪ್ಪಿದ್ದ ಎಂದು ಕೇಳಿದಳು.

“ಎಲ್ಲೂ ತಪ್ಪಿಲ್ಲ” ಅಂದರು ಇವರು. “ಎಲ್ಲ ಸರಿಯಾಗಿಯೇ ಮಾಡಿದ್ದಾರೆ. ಇದು ಇಲ್ಲಿಯ ನೀರು. ಲಂಡನ್ನಿನ ಈ ನೀರಿನಲ್ಲಿ ಯಾರು ಮಾಡಿದರೂ ಇಷ್ಟೇ.”

ಆಕೆ ತಟ್ಟೆಯನ್ನು ಹಲಗೆಯ ಮೇಲಿಟ್ಟಳು. ನಾನು ಮೊದಲಿನಿಂದಲೂ ಅದನ್ನೇ ಹೇಳುತ್ತಿದ್ದೆ, ನೀರು, ನೀರು ಅಂತ, ಅಂದಳು. ಗೋಡೆಗೆ ನೇತುಹಾಕಿದ್ದ ಗಂಡನ ಹಳೆಯ ಏಪ್ರನ್ ಕಡೆ ತಿರುಗಿ ತುಸು ಜೋರಾಗಿ, ಕೇಳಿಸಿತಾ ಅಂದಳು. ಇವರು ನಿಂತಲ್ಲೇ ಚಹಾ ಕುಡಿದು ಮುಗಿಸಿದರು.

ಆಕೆಗೆ ಕನ್ನಡ ಬಾರದು ಎಂಬ ಧೈರ್ಯದಿಂದ ಇದನ್ನೆಲ್ಲ ಬರೆಯುತ್ತಿದ್ದೇನೆ.

ವಾಪಸು ಬರುವಾಗ ಒಂದು ಸಿಗ್ನಲಿನಲ್ಲಿ ಕಾರು ನಿಂತಾಗ, “ಖರೇ ಹೇಳಬೇಕಾಗಿತ್ತೇನು ತಂಗಿ?” ಎಂದು ಕೇಳಿದರು. ಮುಂದಿನ ಸಿಗ್ನಲಿನಲ್ಲಿ ಮತ್ತೆ ಕೇಳಿದರು. ಕೋರ್ಟಿನಲ್ಲಿ ವಕೀಲ ಬೇಡವೆಂದರೂ ಕೇಳದೆ ಎದ್ದು ನಿಂತ ಮನುಷ್ಯ ಈ ಪ್ರಶ್ನೆಯನ್ನು ಸುಲಭಕ್ಕೆ ಬಿಡುವವರಲ್ಲ ಎಂದು ನನಗೆ ಗೊತ್ತಿತ್ತು. ಅವರಿಗೆ ಸಮಾಧಾನವಾಗಲಿ ಎಂದು, “ನೀರಿಂದೂ ಸ್ವಲ್ಪ ಕಾರಣ ಇದ್ದೇ ಇರುತ್ತೆ ಸಾರ್” ಅಂದೆ.

“ಸ್ವಲ್ಪ ಅನಬ್ಯಾಡ” ಅಂದರು ಅವರು. “ತಪ್ಪು ಪೂರಾ ನೀರಿಂದು. ಯಾರು ಕೇಳಿದ್ರೂ ಹಂಗ ಹೇಳು.”